ಮುಚ್ಚಿದ ಪುಸ್ತಕದ ಮೇಲೆ ಚಹಾ

ಮೆಹದಿಪಟ್ಟಣಂ ಬಳಿಯ ನಮ್ಮ ಕಾಲೇಜಿನಲ್ಲಿ ಧರ್ಮಗಳ ತತ್ವಶಾಸ್ತ್ರ ಕಲಿಸುತ್ತಿದ್ದ ಮೇಡಂ ಬೀದರ್ ಕಡೆಯವರು. ಪಾಠದ ನಡುವೆ ಪುಸ್ತಕ ಮುಚ್ಚಿ, ಯಾರೂ ತೆರೆಯದಂತೆ ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರು. "ಪುಸ್ತಕ ಮುಚ್ಚೀನಿ. ಈಗ ಹೇಳು, ಕಳವು ತಪ್ಪು ಅಂತ ನಿನಗ ಹ್ಯಾಂಗ ಗೊತ್ತಾತು?"

ಆ ವರ್ಷ ಫೇಲಾದರೆ ಅಪ್ಪ ನನ್ನನ್ನು ಸೀರೆ ಅಂಗಡಿಯಲ್ಲಿ ಕೂರಿಸುವುದು ಖಾತ್ರಿಯಿತ್ತು. ಮೌಖಿಕ ಪರೀಕ್ಷೆಗೆ ಎಲ್ಲ ಬಾಯಿಪಾಠ ಮಾಡಿಕೊಂಡು ಹೋದೆ. ಒಳಿತು ಕೆಡುಕು ಬುದ್ಧಿಗೇ ತಿಳಿಯುತ್ತದೆ ಎಂಬ ಕ್ರೈಸ್ತ ಪಂಡಿತರ ಮಾತನ್ನು ಮುಸ್ಲಿಂ ಪಂಡಿತರ ಬಾಯಿಗೆ ಹಾಕಿದೆ. ದೇವರ ಅಪ್ಪಣೆಯಿಂದ ಮಾತ್ರ ತಿಳಿಯುತ್ತದೆ ಎಂಬ ಮುಸ್ಲಿಂ ಪಂಡಿತರ ಮಾತನ್ನು ಕ್ರೈಸ್ತರಿಗೆ ದಾನ ಮಾಡಿದೆ. ಅದೂ ಮಂತ್ರಿಗಳ ಗತ್ತಿನಲ್ಲಿ.

ಮೇಡಂ ನಕ್ಕರು. "ನೀ ಹೇಳಿದ್ದೂ ಖರೇನೇ ಅದ. ಎರಡೂ ಧರ್ಮದ ಮನ್ಯಾಗ ಎರಡೂ ಥರದವ್ರು ಅದಾರ, ಇನ್ನಾ ಜಗಳಾಡ್ಲತ್ತಾರ. ಅದನ್ನ ತಿಳದು ಹೇಳಿದ್ಯಾ?"

ಚಹಾದ ಕಪ್ಪು ಪುಸ್ತಕದ ಮೇಲೇರಿತು.

"ಪುಸ್ತಕ ಮುಚ್ಚೀನಿ. ಈಗ ಹೇಳಪಾ, ನಾ ನಿನ್ನ ಪಾಸ್ ಮಾಡೋದು ನ್ಯಾಯ ಅದೇನು?"

ಹೌದು ಎನ್ನಲು ಬಾಯಿ ತೆರೆದೆ. "ಇಲ್ರಿ ಮೇಡಂ, ಬಾಯಿಪಾಠ ಅದಲುಬದಲಾತ್ರಿ" ಎಂಬ ಮಾತು ಹೊರಬಿತ್ತು.

"ಇದನ್ನ ಯಾವ ಪುಸ್ತಕದಾಗ ಓದಿದ್ದಿ?" ಎಂದು ಕೇಳಿ, ಚಹಾವನ್ನು ನನ್ನತ್ತ ಸರಿಸಿದರು.

ಕಾಲೇಜಿನಲ್ಲಿ ನಾನು ಕೊಟ್ಟ ಒಂದೇ ಸರಿಯುತ್ತರ ಅದು. ಅದಕ್ಕೇ ಫೇಲಾದೆ.

ಈಗ ಅಂಗಡಿಗೆ ಬಂದವರು "ಬಣ್ಣ ಹೋಗತದೇನ್ರಿ?" ಎಂದಾಗೆಲ್ಲ ನನಗೆ ಪುಸ್ತಕದ ಮೇಲೆ ಕಪ್ಪು ಇಟ್ಟ ಸದ್ದು ಕೇಳಿಸುತ್ತದೆ, "ಹೋಗತದ್ರಿ" ಎಂದುಬಿಡುತ್ತೇನೆ. ಅಪ್ಪನಿಗೆ ಆ ಸದ್ದು ಕೇಳಿಸುವುದಿಲ್ಲ. ಗಿರಾಕಿ ಸೀರೆ ಬಿಟ್ಟು ಎದ್ದು ಹೋಗುವುದಷ್ಟೇ ಅವರಿಗೆ ಕಾಣಿಸುತ್ತದೆ.