ಊಟಕ್ಕೆ ಕುಳಿತ ಸಾಕ್ಷಿ

ಹೋದ ವರ್ಷ ಯುಗಾದಿ ಮುಗಿದ ವಾರ ನಿಪ್ಪಾಣಿ ಕೋರ್ಟಿನಲ್ಲಿ ನಮ್ಮ ಕೇಸಿನ ತಾರೀಖು ಇತ್ತು. ಪೇಟೆಯಲ್ಲಿ ಟ್ರಕ್ ಹಾಯ್ದು ನಮ್ಮ ಯಜಮಾನರು ಒಂದು ಕಾಲು ಕಳೆದುಕೊಂಡಿದ್ದರು. ತಪ್ಪು ಇವರದೇ ಎಂದು ಟ್ರಕ್ಕಿನವರ ವಾದ. ನಡೆದದ್ದನ್ನು ಕಣ್ಣಾರೆ ಕಂಡವನು ಒಬ್ಬನೇ, ಅಲ್ಲೇ ಬಂಗಾರದ ಕೆಲಸ ಮಾಡುವ ಬಂಗಾಳದ ಹುಡುಗ ಆಲಮ್.

ನಾವು ನಮ್ಮೂರು ಭೋಜದಿಂದ ಹೋಗಿ ಇಳಿದಾಗ ಗೇಟಿನ ಹೊರಗೆ ಜೀಪು ನಿಂತಿತ್ತು. ಅಂಗಳದಲ್ಲಿ ಕೇಂದ್ರ ಸರ್ಕಾರದ ಇಬ್ಬರು ಅಧಿಕಾರಿಗಳು ಆಲಮ್‌ನ ರಟ್ಟೆ ಹಿಡಿದಿದ್ದರು. ಇವನು ಬಾಂಗ್ಲಾದೇಶದವನೆಂಬ ಅನುಮಾನವಿದೆ, ಈಗಲೇ ಕರೆದೊಯ್ಯುತ್ತೇವೆ ಎಂದರು. ಸಾಕ್ಷಿಯಾದರೂ ಮುಗಿಯಲಿ ಎಂದು ನಮ್ಮ ವಕೀಲರು ಕೇಳಿದರೆ, ತಮಗೆ ದಿಲ್ಲಿಯ ಆದೇಶವಿದೆ, ಇಲ್ಲಿಯ ಕೋರ್ಟನ್ನು ಕೇಳಬೇಕಿಲ್ಲ ಎಂದು ಗದರಿದರು. ವಕೀಲರು ನ್ಯಾಯಾಧೀಶರ ಬಳಿಗೆ ಓಡಿದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ಅಲ್ಲೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ ಪಲ್ಯ ಬಡಿಸಿದೆ. "ಹಸದ ಬಂದಾನ್ರಿ, ಎರಡ ತುತ್ತ ಉಣ್ಣಲಿ. ಬಾ ತಮ್ಮಾ, ಕುಂದ್ರು" ಎಂದು ಕೈ ಹಿಡಿದು ಕೂರಿಸಿದೆ. ಒಬ್ಬ ಅಧಿಕಾರಿ ಎಳೆಯಲು ಬಂದ. ಕೋರ್ಟಿನ ಕಾವಲಿಗಿದ್ದ ನಮ್ಮ ಕಡೆಯ ಪೊಲೀಸಪ್ಪ ನಡುವೆ ನಿಂತ.

"ಉಣ್ಣಾಕ ಕುಂತಾವನ್ನ ಎಬ್ಬಸಬಾರದ್ರಿ ಸಾಹೇಬ್ರ. ನಮ್ಮ ಕಡೆ ಅದು ಪಾಪ ಐತ್ರಿ."

ಒಂದು ರೊಟ್ಟಿ ಮುಗಿಸಿ ಆಲಮ್ ಏಳಲು ನೋಡಿದ. ಇನ್ನೊಂದು ಹಾಕಿದೆ.

"ಅಕ್ಕಾ, ಹೊಟ್ಟಿ ತುಂಬೇತ್ರಿ."

"ತುಂಬಿದ್ರ ತುಂಬ್ಲಿ. ಸಾವಕಾಶ ಉಣ್ಣು."

ಯಜಮಾನರ ಪಾಲಿನ ರೊಟ್ಟಿಯೂ ಅವನ ಹೊಟ್ಟೆ ಸೇರಿತು. ಅವರು ಊರುಗೋಲು ಹಿಡಿದು ಕುಳಿತು, ಅಂಥದ್ದರಲ್ಲೂ ನಗುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಅಪ್ಪಣೆ ಬಂತು. ಕೋರ್ಟಿನ ಅಂಗಳದಲ್ಲಿ ಸಾಕ್ಷಿಯನ್ನು ಯಾರೂ ಮುಟ್ಟುವಂತಿಲ್ಲ, ಆಮೇಲೆ ವಿಚಾರಿಸುವುದಿದ್ದರೂ ವಕೀಲರ ಎದುರಿಗೇ ಆಗಬೇಕು ಎಂದು. ಹೆಸರು ಕೂಗಿದರು. ಆಲಮ್ ಬಾಯಿ ಒರೆಸಿಕೊಳ್ಳುತ್ತ ಕಟಕಟೆ ಹತ್ತಿ, ಟ್ರಕ್ ರಸ್ತೆ ಬಿಟ್ಟು ಇವರ ಮೇಲೆ ಬಂದದ್ದನ್ನು ಅಳುಕದೆ ಹೇಳಿದ.

ಹೊರಗೆ ಜೀಪು ಕಾದೇ ಇತ್ತು. ಗೇಟು ದಾಟಿದ ಕೂಡಲೇ ಅವನನ್ನು ಹತ್ತಿಸಿದರು. ವಕೀಲರೂ ಹತ್ತಿದರು. ಸೆರಗು ಬಿಗಿದುಕೊಂಡು ನಾನೂ ಹತ್ತಿ ಕುಳಿತೆ.

"ಯಕ್ಕಾ, ನೀವ್ಯಾಕ?" ಎಂದ ಪೊಲೀಸಪ್ಪ.

"ಅಂವ ನಮ್ಮ ಸಲುವಾಗಿ ಬಂದು ನಿಂತಾನ. ಈಗ ಅವನ ಸಲುವಾಗಿ ನಾ ಬರಾಕತ್ತೀನಿ. ಗಾಡಿ ಬಿಡ್ರಿ."

ಸಂಜೆಗೆ ಅವನ ಊರಿನಿಂದ ಕಾಗದಪತ್ರಗಳು ವಕೀಲರ ಫೋನಿಗೆ ಬಂದವು. ಅವನನ್ನು ಬಿಟ್ಟು ಕಳಿಸಿದರು.

ದಿಲ್ಲಿಯ ಮಾತು ದೊಡ್ಡದೋ ನಮ್ಮ ಕೋರ್ಟಿನ ಮಾತು ದೊಡ್ಡದೋ, ನನಗೆ ಇಂದಿಗೂ ತಿಳಿಯದು. ನಮ್ಮ ಕೇಸು ಇನ್ನೂ ನಡೆದಿದೆ. ತಾರೀಖು ಬಂದಾಗಲೆಲ್ಲ ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚಿಗೇ ಕಟ್ಟಿಕೊಂಡು ಹೋಗುತ್ತೇನೆ.