ಹಾಸಿಗೆ ಎತ್ತಿಸಿ ಘಾಟಿ ಹತ್ತಿಸುವ ನೋರೀನ್

ಬೆಳಗಿನ ಐದೂಮುಕ್ಕಾಲು. ಅರಿಜೋನಾದ ಮರುಭೂಮಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಿಲ್ ಮತ್ತು ಲೋರ್ನಾ ಟ್ರಾಸ್ಕ್ ದಂಪತಿಯ ಮಲಗುವ ಕೋಣೆಯಲ್ಲಿ, ಅವರದೇ ಮಂಚದ ಮೇಲೆ, ಅರವತ್ತಾರು ವರ್ಷದ ನೋರೀನ್ ಹಾಸ್ಕಿನ್ಸ್ ಮೊಣಕಾಲೂರಿ ಕೂತಿದ್ದಾರೆ. ಸೊಂಟದಿಂದ ಮೇಲಿನ ದೇಹ ಮಂಚದೊಳಗೆ ಇಳಿದಿದೆ. ಹಾಸಿಗೆ ಗೋಡೆಗೆ ಒರಗಿದೆ, ಮಂಚದ ಹಲಗೆಯ ಮುಚ್ಚಳ ತೆಗೆದಿದೆ, ಅದರ ಕೆಳಗೆ ಡೀಸೆಲ್ ಎಂಜಿನ್ ತಣ್ಣಗೆ ಮಲಗಿದೆ.

"ಲೋರ್ನಾ, ಕಾಫಿ ಆಗಿದ್ರೆ ಅಲ್ಲೇ ಇಡಿ. ನನ್ನ ಕೈ ನೋಡಿದ್ರೆ ನೀವು ಲೋಟ ಕೊಡಲ್ಲ," ಎನ್ನುತ್ತದೆ ಎಂಜಿನ್ನಿನ ಗುಂಡಿಯೊಳಗಿಂದ ಬಂದ ದನಿ.

ಮೋಟರ್‌ಹೋಮ್ ಎಂದರೆ ಮನೆಯೂ ಹೌದು, ಬಸ್ಸೂ ಹೌದು. ದೊಡ್ಡ ಡೀಸೆಲ್ ಗಾಡಿಗಳಲ್ಲಿ ಎಂಜಿನ್ ಹಿಂಬದಿಯಲ್ಲಿ, ಸರಿಯಾಗಿ ಮಂಚದ ಕೆಳಗೆ. ಅದರ ಹಿಂದೆ ಫ್ಯಾನು, ಫ್ಯಾನಿನ ಹಿಂದೆ ಎಂಜಿನ್ನಿಗೆ ಹೋಗುವ ಗಾಳಿ ತಣಿಸುವ ಇಂಟರ್‌ಕೂಲರ್, ಕೊನೆಗೆ ನೀರು ತಣಿಸುವ ರೇಡಿಯೇಟರ್. ಗಾಡಿ ಏರು ಹತ್ತುವಾಗ ಕುದಿಯದಂತೆ ಕಾಯುವುದು ಈ ಎರಡು ಜಾಲರಿಗಳೇ. ಅವುಗಳ ಹೊಟ್ಟೆಯೊಳಗಿನ ಕೊಳೆ ತೆಗೆಯುವುದು ನೋರೀನ್ ಅವರ ಕೆಲಸ. ಹನ್ನೊಂದು ವರ್ಷದಲ್ಲಿ ಸಾವಿರದ ನಲವತ್ತು ಗಾಡಿ, ಅಂದರೆ ಸಾವಿರದ ನಲವತ್ತು ಹಾಸಿಗೆ. ಎಂಜಿನ್ ಪೂರ್ತಿ ಆರಿರಬೇಕಾದ್ದರಿಂದ ಕೆಲಸ ಹಿಡಿಯುವುದು ಯಾವತ್ತೂ ಬೆಳಗಿನ ಜಾವವೇ.

"ಪಾದ್ರಿಗಳಿಗೂ ಗೊತ್ತಿರದ ಗುಟ್ಟು ನಂಗೆ ಗೊತ್ತು," ಎಂದು ನಗುತ್ತಾರೆ. "ಜನ ಹಾಸಿಗೆ ಅಡಿ ಏನೇನೋ ಬಚ್ಚಿಡ್ತಾರೆ. ಚಾಕೊಲೇಟು, ಸಿಗರೇಟು, ಮಗನ ಕಾಗದ. ನಾನು ನೋಡ್ತೀನಿ, ಮರೀತೀನಿ."

ಇವತ್ತು ಈ ಹಾಸಿಗೆಯ ಅಡಿಯಲ್ಲಿ ಸಿಕ್ಕಿದ್ದು ಒಂದು ತಗಡಿನ ಬೋರ್ಡು. ಅಂಗಡಿಯಿಂದ ತಂದ ಹೊಸ ಬೋರ್ಡು, ದಪ್ಪ ಕೆಂಪು ಅಕ್ಷರ: 'ಮಾರಾಟಕ್ಕಿದೆ'. ಗಿಲ್ ಹೊರಗೆ ನೀರಿನ ಪೈಪು ಎಳೆಯುತ್ತಿದ್ದರು, ಲೋರ್ನಾ ಒಲೆಯ ಮುಂದಿದ್ದರು. ನೋರೀನ್ ಬೋರ್ಡನ್ನು ಬೋರಲು ಹಾಕಿ, ಅದರ ಮೇಲೆ ಮೊಣಕಾಲೂರಿ ಕೆಲಸ ಶುರುಮಾಡಿದರು. ಲೋರ್ನಾ ಅವರ ಕೆಲಸವೇ ಇದು ಎಂದುಕೊಂಡರು. ಉತ್ತರದ ದಾರಿಯ ಘಾಟಿಯ ಭಯಕ್ಕೆ ಮೂರು ವಾರದಿಂದ ನಿದ್ದೆಗೆಟ್ಟವರು ಆಕೆಯೇ ತಾನೇ.

ಟ್ರಾಸ್ಕ್ ದಂಪತಿಗೆ ಬೇರೆ ಮನೆ ಇಲ್ಲ. ಓಹಾಯೋದ ಮನೆ ಮಾರಿ ಆರು ವರ್ಷದಿಂದ ಈ ಗಾಡಿಯಲ್ಲೇ ಸಂಸಾರ. ಈಗ ಮಾರ್ಚ್ ತಿಂಗಳ ಕೊನೆ. ಚಳಿಗಾಲ ಕಳೆಯಲು ಕಾಪರ್ ವೆಲ್ಸ್‌ನ ಬಯಲಿಗೆ ಬಂದವರೆಲ್ಲ ಉತ್ತರಕ್ಕೆ ಹೊರಡುವ ಕಾಲ. ಹೊರಡಬೇಕಾದರೆ ಮ್ಯೂಲ್ ಘಾಟಿ ಹತ್ತಲೇಬೇಕು, ಹನ್ನೊಂದು ಮೈಲಿಯ ಕಡಿದಾದ ಏರು. ಗಿಲ್ ಎರಡು ಸಲ ಹೊರಟು ಎರಡು ಸಲವೂ ಏಳನೇ ಮೈಲಿಯಲ್ಲಿ ಹಬೆಯಾಡುತ್ತ ನಿಂತರು. ಎರಡನೆಯ ಸಲವಂತೂ ಗಾಡಿ ತಿರುವಿನಲ್ಲೇ ನಿಂತಿತು, ಹಿಂದಿನಿಂದ ಬಂದ ಮರದ ದಿಮ್ಮಿಯ ಲಾರಿ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಹೆದ್ದಾರಿಯ ಗ್ಯಾರೇಜಿನವರು ಎಂಜಿನ್ನೇ ಹೋಗಿದೆ, ಗುಜರಿಗೆ ಕೊಡಿ ಎಂದರು. ಮಗಳು ತನ್ನ ಮನೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ ಖಾಲಿ ಮಾಡಿಟ್ಟಿದ್ದಾಳೆ. ಇವತ್ತು ಘಾಟಿ ಹತ್ತಿದರೆ ಸರಿ, ಇಲ್ಲದಿದ್ದರೆ ಆ ಕೋಣೆಯೇ ಗತಿ.

"ನನ್ನ ರೇಡಿಯೇಟರ್ ಕೊಳೆಯಾಗಿರೋಕೆ ಸಾಧ್ಯವೇ ಇಲ್ಲ," ಎಂದು ಗಿಲ್ ಬೆಳಗ್ಗೆಯೇ ಎದೆ ಸೆಟೆಸಿದ್ದರು. ಎಪ್ಪತ್ನಾಲ್ಕರ ಗಿಲ್ ನಿವೃತ್ತ ಗಣಿತ ಮೇಷ್ಟ್ರು. "ಪ್ರತಿ ಶುಕ್ರವಾರ ಪ್ರೆಶರ್ ಪಂಪು ಹಿಡಿದು ತೊಳೀತೀನಿ. ಹಿಂದಿನ ಬಾಗಿಲು ತೆಗೆದು ನೋಡಿ, ಕನ್ನಡಿ ಇದ್ದ ಹಾಗಿದೆ."

"ಕನ್ನಡೀನೇ. ನಿಮ್ಮ ಮುಖ ಮಾತ್ರ ಕಾಣ್ಸುತ್ತೆ," ಎಂದರು ನೋರೀನ್. ಗಿಲ್ ಕೈಗೆ ದೀಪ ಕೊಟ್ಟು ಹಿಂದಿನ ಬಾಗಿಲಲ್ಲಿ ನಿಲ್ಲಿಸಿ, ತಾವು ಮಂಚದ ಗುಂಡಿಯಿಂದ ಇಣುಕಿದರು. "ದೀಪ ಹಚ್ಚಿದ್ರಾ?"

"ಹಚ್ಚಿ ಎಷ್ಟೊತ್ತಾಯ್ತು."

"ಇಲ್ಲಿ ಕಗ್ಗತ್ತಲು. ಒಳಗೆ ಬಂದು ನೀವೇ ನೋಡಿ."

ಗಿಲ್ ಬಂದು ಗುಂಡಿಯೊಳಗೆ ತಲೆ ಹಾಕಿದರು. ಫ್ಯಾನಿನ ಹಿಂದೆ ಜಾಲರಿ ಇರಬೇಕಾದ ಕಡೆ ಕಪ್ಪು ಕಂಬಳಿ ಹೊದೆಸಿದಂತೆ ಜಿಡ್ಡು. ತಲೆ ಹೊರಗೆ ತೆಗೆದಾಗ ಮೇಷ್ಟ್ರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

ಈ ತಪ್ಪು ಶುದ್ಧಾಚಾರದವರದೇ ಎನ್ನುತ್ತಾರೆ ನೋರೀನ್. ಎಂಜಿನ್ನಿನ ಒಳಗಿನ ಹಬೆ ಹೊರಬಿಡುವ ಬ್ರೀದರ್ ಪೈಪು ಸದಾ ಸಣ್ಣಗೆ ಎಣ್ಣೆ ಉಗುಳುತ್ತದೆ. ಫ್ಯಾನು ಅದನ್ನು ಧೂಳಿನ ಜೊತೆ ಎತ್ತಿ ಒಳಗಿನಿಂದ ಜಾಲರಿಗೆ ಮೆತ್ತುತ್ತದೆ. ಹೊರಗಿನಿಂದ ಎಷ್ಟು ನೀರು ಹೊಡೆದರೂ ಆ ಕಂಬಳಿ ನೆನೆಯುತ್ತದೆಯೇ ಹೊರತು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಪಂಪಿನ ರಭಸಕ್ಕೆ ಜಾಲರಿಯ ತೆಳು ತಗಡು ಮಡಚಿಕೊಂಡು, ಇದ್ದ ಸಂದೂ ಮುಚ್ಚುತ್ತದೆ. "ಗಲೀಜು ಜನ ನನ್ನತ್ರ ಬರೋದು ಕಮ್ಮಿ. ಬರೋರೆಲ್ಲ ವಾರವಾರ ತೊಳೆಯೋ ಪುಣ್ಯಾತ್ಮರು."

ಮೊದಲು ಬಾಚಣಿಗೆಯಂಥ ಸಲಕರಣೆಯಿಂದ ಮಡಚಿದ ತಗಡನ್ನು ಸಾಲುಸಾಲಾಗಿ ನೆಟ್ಟಗೆ ಮಾಡುತ್ತಾರೆ. ಆಮೇಲೆ ತೋಟಕ್ಕೆ ಔಷಧಿ ಹೊಡೆಯುವ ಕೈಪಂಪಿನಲ್ಲಿ ಜಿಡ್ಡು ಬಿಡಿಸುವ ಸೋಪಿನ ನೀರು, ಒಳಗಿನಿಂದ. ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ತಾವೇ ಬಗ್ಗಿಸಿಕೊಂಡ ತಾಮ್ರದ ಕೊಳವೆಯಿಂದ ಮೆಲ್ಲಗೆ ನೀರು. ಕೆಳಗೆ ಮಕ್ಕಳು ಆಡುವ ಪ್ಲಾಸ್ಟಿಕ್ ತೊಟ್ಟಿ ಇಟ್ಟಿರುತ್ತದೆ, ಬಯಲಿಗೆ ಒಂದು ಹನಿ ಬೀಳುವಂತಿಲ್ಲ. ಮೊದಲ ಸಲ ಡಾಂಬರಿನಂಥ ನೀರು, ಮೂರನೆಯ ಸಲ ಕಾಫಿ ಡಿಕಾಕ್ಷನ್, ಐದನೆಯ ಸಲಕ್ಕೆ ತಿಳಿ. ಕೊನೆಗೆ ಬ್ರೀದರ್ ಪೈಪಿಗೆ ಉದ್ದದ ತುಂಡು ಸೇರಿಸಿ, ಎಣ್ಣೆ ಫ್ಯಾನಿನ ಗಾಳಿಗೆ ಸಿಗದಂತೆ ದೂರ ಬಿಡುತ್ತಾರೆ. ಇಷ್ಟಕ್ಕೆ ಐದು ಗಂಟೆ ಹಿಡಿಯುತ್ತದೆ.

ಇಪ್ಪತ್ತಾರು ವರ್ಷ ಶಾಲಾ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದವರು ನೋರೀನ್. ಅಲ್ಲಿ ಬಂದವರೆಲ್ಲ ಅವರನ್ನೇ ನಿಲ್ಲಿಸಿ "ಮೆಕ್ಯಾನಿಕ್ ಎಲ್ಲಿ?" ಎಂದು ಕೇಳುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಹಳೆಯ ಡೀಸೆಲ್ ಗಾಡಿಯೊಂದರಲ್ಲಿ ಇಲ್ಲಿಗೆ ಬಂದು, ಮೊದಲ ವಾರವೇ ಇದೇ ಘಾಟಿಯಲ್ಲಿ ಕುದ್ದು ನಿಂತರು. ಅವತ್ತು ತಮ್ಮದೇ ಹಾಸಿಗೆ ಎತ್ತಿ ನೋಡಿದ್ದು, ಅಲ್ಲಿಂದ ನಿಂತಿಲ್ಲ. ಈಗ ಎರಡೂ ಮೊಣಕಾಲು ಸವೆದಿವೆ. "ಡಾಕ್ಟ್ರು ಮೊಣಕಾಲೂರಬೇಡಿ ಅಂತಾರೆ. ಕೂತು ಮಾಡೋ ಹಾಗಿದ್ರೆ ನಂಗೇನು ಮೊಣಕಾಲೂರೋ ಚಟನಾ?"

ಹನ್ನೊಂದು ಗಂಟೆಗೆ ಮತ್ತೆ ದೀಪ. ಈ ಸಲ ಜಾಲರಿಯ ಸಾವಿರ ಸಂದುಗಳಿಂದ ಬೆಳಕು ಒಳಗೆ ನುಗ್ಗಿ ನೋರೀನ್ ಅವರ ಮುಖದ ಮೇಲೆ ಬೀಳುತ್ತದೆ. ಆದರೂ ಅವರು ಕೆಲಸ ಮುಗಿಯಿತು ಎನ್ನುವುದಿಲ್ಲ. ಘಾಟಿಯ ನೆತ್ತಿ ಮುಟ್ಟುವವರೆಗೆ ಆ ಮಾತು ಅವರ ಬಾಯಿಂದ ಬರುವುದಿಲ್ಲ, ಪ್ರತಿ ಗಾಡಿಯಲ್ಲೂ ಜೊತೆಗೆ ಕೂತು ಹತ್ತುತ್ತಾರೆ. ಎರಡೂ ಕಡೆ ಮಸಿ ಹಿಡಿದ ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ಬರುತ್ತಾರೆ.

ಗಿಲ್ ಸ್ಟಿಯರಿಂಗ್ ಹಿಡಿದಿದ್ದಾರೆ, ಪಕ್ಕದಲ್ಲಿ ಲೋರ್ನಾ, ನಡುವೆ ಸ್ಟೂಲಿನ ಮೇಲೆ ನೋರೀನ್. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೂರತೊಂಬತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿದ್ದರೆ ಕ್ಷೇಮ, ಇನ್ನೂರಿಪ್ಪತ್ತು ದಾಟಿದರೆ ಕೆಂಪು ದೀಪ. ಮೂರನೇ ಮೈಲಿಯಲ್ಲಿ ನೂರತೊಂಬತ್ತೆರಡು. ಐದರಲ್ಲಿ ನೂರತೊಂಬತ್ತೈದು.

"ಏಸಿ ಹಾಕಿ," ಎನ್ನುತ್ತಾರೆ ನೋರೀನ್.

"ಘಾಟೀಲಾ? ಎಂಜಿನ್ ಇನ್ನೂ ಕಾಯುತ್ತೆ. ತಮಾಷೆ ಮಾಡ್ತಿದೀರಾ?" ಎನ್ನುತ್ತಾರೆ ಗಿಲ್.

"ಸೆಕೆ ಆಗ್ತಿದೆ. ಹಾಕಿ."

ಏಳನೇ ಮೈಲಿಯ ತಿರುವು ಕಾಣುತ್ತದೆ. ರಸ್ತೆಯ ಅಂಚಿನಲ್ಲಿ ಅವರದೇ ಗಾಡಿ ಸುರಿಸಿದ ರೇಡಿಯೇಟರ್ ನೀರಿನ ಕಲೆ ಇನ್ನೂ ಇದೆ. ಗಿಲ್ ಅವರ ಬಲಗಾಲು ತಾನಾಗಿ ಮೇಲೇಳುತ್ತದೆ, ಎಂಜಿನ್ನಿನ ದನಿ ಸೊರಗುತ್ತದೆ. ಲೋರ್ನಾ ಕಣ್ಣು ಮುಚ್ಚಿದ್ದಾರೆ.

"ಕಾಲು ತೆಗೀಬೇಡಿ ಗಿಲ್. ಗೇರ್ ಒಂದು ಇಳಿಸಿ, ಫ್ಯಾನು ಜೋರಾಗಿ ತಿರುಗಲಿ. ರಸ್ತೆ ನೀವು ನೋಡಿ, ಮುಳ್ಳು ನಾನು ನೋಡ್ತೀನಿ."

ಕಾಲು ಮತ್ತೆ ಕೆಳಗಿಳಿಯುತ್ತದೆ. ತಿರುವು ದಾಟುತ್ತದೆ. ನೂರತೊಂಬತ್ತೇಳು. ಒಂಬತ್ತನೇ ಮೈಲಿಯಲ್ಲಿ ನೂರತೊಂಬತ್ತೆಂಟು, ಅಲ್ಲಿಂದಾಚೆ ಮುಳ್ಳು ಜಗ್ಗುವುದಿಲ್ಲ. ಹನ್ನೊಂದನೇ ಮೈಲಿಯಲ್ಲಿ ರಸ್ತೆ ಮಟ್ಟವಾಗಿ, ಕಣ್ಣಳತೆಗೂ ಮೀರಿದ ಆಕಾಶ ತೆರೆದುಕೊಳ್ಳುತ್ತದೆ. ಗಿಲ್ ಗಾಡಿ ನಿಲ್ಲಿಸಿ, ಹಾರ್ನಿನ ಮೇಲೆ ಅಂಗೈ ಒತ್ತಿ ಹಿಡಿಯುತ್ತಾರೆ. ಆ ಸದ್ದು ಕಣಿವೆಯನ್ನೆಲ್ಲ ತುಂಬುತ್ತದೆ. ಮೇಷ್ಟ್ರ ಕಣ್ಣಲ್ಲಿ ನೀರು.

"ಈಗ ಮುಗೀತು," ಎನ್ನುತ್ತಾರೆ ನೋರೀನ್. ಕಂಕುಳ ಬೋರ್ಡನ್ನು ಮೆಲ್ಲಗೆ ಲೋರ್ನಾ ಕಡೆ ಚಾಚುತ್ತಾರೆ. "ಕ್ಷಮಿಸಿ, ನಿಮ್ಮದನ್ನ ಮಸಿ ಮಾಡಿಬಿಟ್ಟೆ."

"ಅದು ಅವಳದಲ್ಲ, ನಂದು," ಎನ್ನುತ್ತಾರೆ ಗಿಲ್, ತಲೆ ತಗ್ಗಿಸಿ. "ಆ ಲಾರಿ ಬಂದ ದಿನ ತಂದೆ. ಇವಳನ್ನ ಕೂರಿಸ್ಕೊಂಡು ಮತ್ತೆ ಆ ತಿರುವಿಗೆ ಹೋಗೋ ಧೈರ್ಯ ಇರಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ, ಬಚ್ಚಿಟ್ಟೆ. ಲೋರ್ನಾ, ನಿನಗೆ ಇದು ಗೊತ್ತಾಗಬಾರದಿತ್ತು."

"ವಾರವಾರ ಹಾಸಿಗೆ ಬಟ್ಟೆ ಬದಲಾಯಿಸೋದು ಯಾರು ಅಂದ್ಕೊಂಡಿದೀಯ?" ಎನ್ನುತ್ತಾರೆ ಲೋರ್ನಾ. "ಮೂರು ವಾರದಿಂದ ಅದರ ಮೇಲೇ ಮಲಗಿದೀನಿ. ನಿದ್ದೆ ಹೇಗೆ ಬರುತ್ತೆ? ಎಸೆದುಬಿಡೋಣ ಅಂತ ದಿನಾ ಅನ್ನಿಸ್ತಿತ್ತು. ನೀನೇ ತೆಗೀಲಿ ಅಂತ ಕಾದೆ." ಆಕೆ ಗಂಡನ ಕೈ ಹಿಡಿದು, ಬೋರ್ಡನ್ನು ವಾಪಸ್ಸು ತಳ್ಳುತ್ತಾರೆ. "ನೋರೀನ್, ಇದು ನಿಮ್ಮ ಮೊಣಕಾಲಿಗೇ ಇರಲಿ."

ಗಾಡಿ ಉತ್ತರಕ್ಕೆ ಹೋಗುತ್ತದೆ. ನೋರೀನ್ ಅವರನ್ನು ಘಾಟಿಯಿಂದ ಕೆಳಗೆ ಕರೆದೊಯ್ಯಲು ಅಂಚೆಯ ಜೀಪು ಬರುತ್ತದೆ, ಹನ್ನೊಂದು ವರ್ಷದಿಂದ ಅದೇ ಏರ್ಪಾಡು. ಅವರ ಆಸೆ ದೊಡ್ಡದೇನಲ್ಲ. ಗ್ಯಾರೇಜಿನವರು ಎಂಜಿನ್ ಹೋಯಿತು ಎನ್ನುವ ಮುಂಚೆ ಒಂದು ಸಲ ಹಾಸಿಗೆ ಎತ್ತಿ ನೋಡಲಿ ಎಂಬುದು ಒಂದು, ಮೊಣಕಾಲು ಇನ್ನೆರಡು ಚಳಿಗಾಲ ತಡೆಯಲಿ ಎಂಬುದು ಇನ್ನೊಂದು.

ಬೋರ್ಡು ಈಗ ಅವರ ಗಾಡಿಯ ಬಾಗಿಲ ಪಕ್ಕ ಒರಗಿದೆ. ಬೆನ್ನ ಕಡೆ ಸೀಮೆಸುಣ್ಣದಲ್ಲಿ '೧೯೮' ಎಂದು ಬರೆದಿದ್ದಾರೆ. ಮುಂದಿನ ಕಡೆಯ ಕೆಂಪು ಅಕ್ಷರ ಮಸಿಯ ನಡುವೆ ಅಷ್ಟಿಷ್ಟು ಕಾಣುವುದರಿಂದ, ದಾರಿಹೋಕರು ನಿಂತು ಏನು ಮಾರಾಟಕ್ಕಿದೆ ಎಂದು ಕೇಳುತ್ತಾರೆ.

"ಇತ್ತು ಒಂದು ಮನೆ," ಎನ್ನುತ್ತಾರೆ ನೋರೀನ್, ಕೈ ಒರೆಸಿಕೊಳ್ಳುತ್ತ. "ಈಗ ಅದು ಮಾರಾಟಕ್ಕಿಲ್ಲ."