ಎಸ್ತರಮ್ಮನಿಗೆ ತವರಿನ ಬಟ್ಟೆ

ಮೊನ್ನೆ ದಿಂಬಿನ ಚೀಲ ಹೊಲಿಯೋಣವೆಂದು ಗಣಪತಿ ಎಂಬ ನಮ್ಮ ಬಡಾವಣೆಯ ಬೀದಿ ಕೊನೆಯ ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬಿಳಿ ಕೋರಾ ಬಟ್ಟೆಯನ್ನು ಮೇಜಿನ ಮೇಲೆ ಉರುಳಿಸಿದ್ದೇ ತಡ, ಗಂಜಿಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. "ಯಾವುದಕ್ಕಮ್ಮಾ, ಎಷ್ಟು ಹರೀಲಿ?" ಎಂದು ಅವರು ಕತ್ತರಿ ಎತ್ತಿಕೊಂಡರು. ಆಮೇಲೆ ಬರುತ್ತೇನೆಂದು ಬರಿಗೈಯಲ್ಲಿ ಮನೆಗೆ ಬಂದೆ. ಯಾಕೆ ಹಾಗಾಯಿತೆಂದು ನಿಮಗೆ ಹೇಳಬೇಕು. ಮನೆಯಲ್ಲಿ ಯಾರ ಹತ್ತಿರವೂ ಹೇಳುವಂತಿಲ್ಲ.

ನಾವು ಕೊಚ್ಚಿಯ ಎಲಿಯಾಸ್ ಎಂಬ ವ್ಯಾಪಾರಿಗೆ ಹಾಸಿಗೆ ಹೊದಿಕೆ ಕಳಿಸುತ್ತೇವೆ. ಅವರು ಯಹೂದಿಗಳು. ಕೊಚ್ಚಿಯಲ್ಲಿ ಅವರ ಜನ ಒಂದು ಕಾಲಕ್ಕೆ ಬೀದಿ ತುಂಬ ಇದ್ದರಂತೆ. ಬಹುತೇಕರು ಇಸ್ರೇಲಿಗೆ ಹೋದ ಮೇಲೆ ಉಳಿದದ್ದು ಬೆರಳೆಣಿಕೆಯ ವಯಸ್ಸಾದವರು. ಅವರನ್ನು ನೋಡಿಕೊಳ್ಳಲು ಎಲಿಯಾಸರು ಒಂದು ಸಣ್ಣ ಸೇವಾಸಂಘ ನಡೆಸುತ್ತಿದ್ದರು. ಒಮ್ಮೆ ಫೋನು ಮಾಡಿದವರು ಹೊದಿಕೆಯ ಮಾತೆತ್ತಲಿಲ್ಲ. "ನಿಮ್ಮೂರಿನ ಪೀಳಮೇಡಿನಲ್ಲಿ ನಮ್ಮ ಜನದ ಅಮ್ಮ ಒಬ್ಬರಿದ್ದಾರೆ, ಎಸ್ತರಮ್ಮ ಅಂತ. ವಾರಕ್ಕೊಮ್ಮೆ ಹೋಗಿ ಕೂತು ಬರ್ತೀರಾ? ನಮಗೆ ಅಲ್ಲಿ ಯಾರೂ ಇಲ್ಲ" ಎಂದರು. ನಾನು ಉಬ್ಬಿಹೋದೆ. ಅಲ್ಲಿಯವರೆಗೆ ಸೇವೆ ಎಂದರೆ ನನ್ನ ತಲೆಯಲ್ಲಿದ್ದದ್ದು ಶಾಲು ಹೊದ್ದು ಫೋಟೋಕ್ಕೆ ನಿಲ್ಲುವುದು.

ಮೊದಲ ಸಲ ಒಂದು ಡಬ್ಬಿ ಕೇಸರಿಬಾತು, ಒಂದು ಮೊಳ ಮಲ್ಲಿಗೆ, ಪೊಟ್ಟಣದಲ್ಲಿ ಕಾರಮಡೈ ರಂಗನಾಥನ ಪ್ರಸಾದ, ಎಲ್ಲ ಹೊತ್ತುಕೊಂಡು ಹೋದೆ. ಎಸ್ತರಮ್ಮ ಸಣ್ಣಗೆ ನಕ್ಕರು. ಬೇರೆಯವರ ಪಾತ್ರೆಯಲ್ಲಿ ಬೆಂದದ್ದನ್ನು ಅವರು ಉಣ್ಣುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. "ಹೂ ನೀನು ಮುಡ್ಕೋ ಮೋಳೆ, ಡಬ್ಬಿ ನಿಮ್ಮ ಅತ್ತೆಗೆ ಕೊಡು. ಮುಂದಿನ ಸಲ ಬಾಳೆಹಣ್ಣು ತಾ" ಎಂದರು. ಮಲಯಾಳಂನಲ್ಲಿ ಮೋಳೆ ಎಂದರೆ ಮಗಳೇ. ಉಳಿದ ಮಾತೆಲ್ಲ ಮಲಯಾಳಂ ರಾಗದ ತಮಿಳು.

ಅವರ ಗಂಡ ಇಲ್ಲಿಯ ನೂಲಿನ ಗಿರಣಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. ತೀರಿಕೊಂಡಾಗ ಕೊಚ್ಚಿಗೇ ಒಯ್ದು ಮಣ್ಣು ಮಾಡಿದರು. ಮಕ್ಕಳಾಗಿರಲಿಲ್ಲ. ಅಣ್ಣತಮ್ಮಂದಿರು ಇಸ್ರೇಲಿನಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ನಾನು ಮಾಡುತ್ತಿದ್ದ ಘನವಾದ ಸೇವೆ ಕೇಳಿ: ಸ್ಟೂಲು ಹತ್ತಿ ಬಲ್ಬು ಬದಲಿಸುವುದು, ಮಾತ್ರೆಯ ಹೆಸರು ಓದಿ ಹೇಳುವುದು, ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವರು ದೀಪ ಹಚ್ಚುವವರೆಗೆ ಪಕ್ಕದಲ್ಲಿ ನಿಲ್ಲುವುದು. ದೀಪ ಹಚ್ಚಿ, ಕಣ್ಣಿಗೆ ಎರಡೂ ಕೈ ಮುಚ್ಚಿಕೊಂಡು ಅದೇನೋ ಹೇಳಿಕೊಳ್ಳುತ್ತಿದ್ದರು. ಕೈ ತೆಗೆದ ಮೇಲೆ ಯಾರಾದರೂ ಇರಬೇಕು, ಅಷ್ಟೇ ಅವರಿಗೆ ಬೇಕಾದದ್ದು.

ನನ್ನ ಅತ್ತೆಗೆ ಇವರನ್ನು ನೋಡುವ ಆಸೆ. ನಮ್ಮತ್ತೆ ನೇಕಾರರ ಮಗಳು, ನೇಕಾರರ ಸೊಸೆ. ಕಾರಮಡೈ ಕಡೆಯಿಂದ ಗಣಪತಿಗೆ ಬರುವಾಗ ಮಗ್ಗವನ್ನೂ ಬಿಚ್ಚಿ ತಂದು, ಹಿಂದಿನ ಕೋಣೆಯಲ್ಲಿ ಕುಳಿ ತೋಡಿಸಿ ಹೂಡಿಸಿದವರು. ಸುತ್ತ ಪಂಪಿನ ವರ್ಕ್‌ಶಾಪುಗಳ ಲೇತಿನ ಗಲಾಟೆ, ನಡುವೆ ಇವರ ಲಾಳಿ. ಕನ್ನಡ ಆಡುತ್ತಾರೆ, ಅಕ್ಷರ ಗೊತ್ತಿಲ್ಲ. ಚಾಮರಾಜನಗರದಿಂದ ಬಂದ ನನ್ನ ಕನ್ನಡ ಅವರಿಗೆ ರೇಡಿಯೋದ ಹಾಗೆ ಕೇಳುತ್ತದಂತೆ. ಒಂದು ದಿನ ಎಸ್ತರಮ್ಮನನ್ನು ಆಟೋದಲ್ಲಿ ಕರೆತಂದೆ. ಅವರು ಮಗ್ಗದ ಪಕ್ಕ ಕುರ್ಚಿ ಹಾಕಿಸಿಕೊಂಡರು. ಎರಡು ಮುದುಕಿಯರು ಕೂತರೆ ಮಾತು ಎಲ್ಲಿಗೆ ಹೋಗುತ್ತದೆ ಹೇಳಿ? ನೇರ ಸಾವಿಗೆ ಹೋಯಿತು.

"ನಿಮ್ಮಲ್ಲಿ ಕೋಡಿ ಯಾರು ಹಾಕೋದು?" ಎಂದು ಅತ್ತೆ ಕೇಳಿದರು. ಹೆಣ್ಣು ಸತ್ತರೆ ಅವಳ ಮೈಮೇಲೆ ಕೊನೆಯದಾಗಿ ಬೀಳುವ ಹೊಸ ಬಟ್ಟೆ ತವರಿನಿಂದ ಬರಬೇಕು. ಈ ಕಡೆ ಅದನ್ನು ಕೋಡಿ ಎನ್ನುತ್ತಾರೆ. ಅದು ಬರದಿದ್ದರೆ ದಿಕ್ಕಿಲ್ಲದವಳು ಎಂದೇ ಲೆಕ್ಕ.

ಎಸ್ತರಮ್ಮ ತಮ್ಮ ಪದ್ಧತಿ ಹೇಳಿದರು. ಕೊನೆಯ ಉಡುಪು ಬಿಳಿ ಹತ್ತಿಯದು, ಬಡವನಿಗೂ ಸಾಹುಕಾರನಿಗೂ ಒಂದೇ. ಜೇಬಿರುವುದಿಲ್ಲ. ಕೈಯಲ್ಲೇ ಹೊಲಿಯಬೇಕು, ದಾರದ ತುದಿಗೆ ಗಂಟು ಹಾಕಬಾರದು. "ನಮ್ಮ ಹೆಂಗಸರೇ ಕೂತು ಹೊಲೀತಿದ್ದರು. ಅವರೆಲ್ಲ ಹೋದರು. ನನಗೆ ಅಂಗಡೀದು ಹಾಕಿ ಕಳಿಸ್ತಾರೆ, ಅದೊಂದೇ ಹೊಟ್ಟೇಲಿ ಸಂಕಟ" ಎಂದರು.

ಅತ್ತೆ ಲಾಳಿ ಕೆಳಗಿಟ್ಟರು. "ನಾನಿದೀನಿ. ನಿಮ್ಮ ತವರು ಇದೇ ಅಂತ ಇಟ್ಕೊಳ್ಳಿ. ನಾನು ನೇಯ್ತೀನಿ, ಇವಳು ಹೊಲೀತಾಳೆ." ಎಸ್ತರಮ್ಮ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಎಲಿಯಾಸರೂ ಫೋನಿನಲ್ಲಿ ಒಪ್ಪಿಗೆ ಕೊಟ್ಟರು.

ಅತ್ತೆ ಸಣ್ಣ ನೂಲು ತರಿಸಿ ಮಗ್ಗಕ್ಕೆ ಉದ್ದೆಳೆಯ ಹಾಸು ಹೂಡಿದರು. ಅಷ್ಟರಲ್ಲಿ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಎದ್ದಿತು. ಆ ಒಣ ಗಾಳಿಗೆ ಸಣ್ಣ ಎಳೆ ಪಟಪಟ ಕಡಿಯುತ್ತದೆ. ಎಳೆ ಕಡಿದರೆ ಗಂಟು ಹಾಕಿ ಮುಂದೆ ಹೋಗುವುದು ನೇಕಾರರ ಕೈಗೆ ಉಸಿರಾಡಿದಷ್ಟೇ ಸಲೀಸು, ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಮೊಳದಷ್ಟು ನೇಯ್ದ ಮೇಲೆ ಒಂದು ಬೆಳಗ್ಗೆ ಅತ್ತೆ ಬಟ್ಟೆಯ ಮೇಲೆ ಅಂಗೈ ಆಡಿಸಿ ನನ್ನನ್ನು ಕೂಗಿದರು. ಅವರು ಮುದ್ದಿನಿಂದ ನನ್ನನ್ನು ಕರೆಯುವುದು ಕಣ್ಣು ಎಂದೇ.

"ಗಂಟು, ಕಣ್ಣು. ಕೈಯೇ ಹಾಕ್‌ಬುಟ್ಟದೆ."

"ಅತ್ತೆ, ಅವರು ಹೇಳಿದ್ದು ಹೊಲಿಗೇಲಿ. ನೇಯ್ಗೇಲಿದ್ರೆ ಏನೂ ಇಲ್ಲ ಅಂತ ಎಲಿಯಾಸರೇ ಹೇಳಿದ್ರು."

"ಅವರ್ ಹೇಳ್ತಾರೆ, ಅವರೇನ್ ನೇಯೋರಾ? ದಾರದಲ್ಲಿ ಬ್ಯಾಡ ಅಂದೋಳ್ಗೆ ಬಟ್ಟೆ ಪೂರಾ ಗಂಟು ಮಡಗಿ ಕೊಡ್ಲಾ? ತವರಿಂದ ಬರೋ ಬಟ್ಟೆ ಅದು."

ನೇಯ್ದದ್ದನ್ನು ಬಿಚ್ಚತೊಡಗಿದರು. ಗಂಟು ಕತ್ತರಿಸಿ, ಎರಡು ತುದಿಗೂ ಗಂಜಿ ಸವರಿ, ಬೆರಳಲ್ಲಿ ಹೊಸೆದು ಕೂಡಿಸುವುದು. ಅದು ಒಣಗುವವರೆಗೆ ಲಾಳಿ ಮುಟ್ಟುವಂತಿಲ್ಲ. ಇತ್ತ ಕೂಡಿಸಿದರೆ ಅತ್ತ ಕಡಿಯುತ್ತಿತ್ತು. ಕೆಲವು ದಿನ ಒಂದು ಬೆರಳಿನಷ್ಟೂ ಮುಂದೆ ಹೋಗುತ್ತಿರಲಿಲ್ಲ. ಪೀಳಮೇಡಿನಲ್ಲಿ ಎಸ್ತರಮ್ಮ ಹಾಸಿಗೆ ಹಿಡಿದಿದ್ದರು. ಪ್ರತಿ ಸಲವೂ ಕೇಳುತ್ತಿದ್ದುದು ಒಂದೇ: "ಎಷ್ಟಾಯ್ತು ಮೋಳೆ?" ನಾನು ಕೈಯಗಲಿಸಿ ತೋರಿಸುತ್ತಿದ್ದೆ. ಸುಳ್ಳು ಹೇಳಬೇಕಾದ್ದರಿಂದ ವಾರ ವಾರ ಸ್ವಲ್ಪ ಹೆಚ್ಚೇ ಅಗಲಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ನಗುತ್ತಿದ್ದರು.

ಬಟ್ಟೆ ಒಂದು ಟವೆಲಿನಷ್ಟಾಗಿದ್ದಾಗ ಎಸ್ತರಮ್ಮ ಹೋದರು. ಎಲಿಯಾಸರು ಫೋನಿನಲ್ಲಿ, ತಡಮಾಡುವ ಹಾಗಿಲ್ಲ, ಇವತ್ತೇ ಹೊರಡಿ, ನಾಳೆ ಮಣ್ಣಾಗಬೇಕು ಎಂದರು. ಅತ್ತೆ ಕೇಳಿಸಿಕೊಂಡರು. ಕುಳಿಯೊಳಗೆ ಕಾಲು ಇಳಿಬಿಟ್ಟು ಕೂತವರು ಏಳಲಿಲ್ಲ. ಆಮೇಲೆ ಕತ್ತರಿ ಕೇಳಿ, ನೇಯ್ದಷ್ಟನ್ನು ಕತ್ತರಿಸಿ, ಮಡಿಸಿ ನನ್ನ ಕೈಗಿಟ್ಟರು. "ಮೊಕಕ್ಕಾದ್ರೂ ಆಗುತ್ತೆ, ತಕ್ಕೊಂಡೋಗು."

ಪಾಲಕ್ಕಾಡು ದಾಟಿ ಕೊಚ್ಚಿಯವರೆಗೆ ಆಂಬುಲೆನ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಚೀಲದಲ್ಲಿ ಸೂಜಿ ಇತ್ತು, ದಾರ ಇತ್ತು, ಹೊಲಿಯುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಎಲಿಯಾಸರು ಅಂಗಡಿಯಿಂದ ಬಟ್ಟೆ ತರಿಸಿಟ್ಟಿದ್ದರು. ಇಬ್ಬರು ಅಜ್ಜಿಯರು ಮೀಯಿಸಿ, ಅದನ್ನೇ ತೊಡಿಸಿದರು. ಅತ್ತೆಯ ತುಂಡನ್ನು ಕೊಟ್ಟೆ. ಅವರಲ್ಲಿ ದೊಡ್ಡವರು ಅದನ್ನು ಬೆರಳ ನಡುವೆ ಹಿಡಿದು ನೋಡಿ, ಮುಖದ ಮೇಲೆ ಹಾಸಿದರು. ನಾನು ಹೊರಗೆ ಬಂದು ಗೋಡೆಗೊರಗಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಮನೆಗೆ ಬಂದು ಎಲ್ಲ ಹೇಳಿದೆ. ಚೆನ್ನಾಗಿ ನಡೆಯಿತು, ಮುಖಕ್ಕೆ ನಿಮ್ಮ ಬಟ್ಟೆಯೇ ಇತ್ತು ಎಂದು ಎರಡು ಸಲ ಹೇಳಿದೆ. ಅತ್ತೆ ಗೋಡೆ ನೋಡುತ್ತ ಕೇಳಿದರು: "ಮೈಗೆ?"

ನಾನು ಚೀಲದ ಸೂಜಿ, ದಾರ ತೆಗೆದು ಅವರ ಮುಂದಿಟ್ಟೆ.

"ತವರು ಅಂತ ನಾನ್ ಹೇಳ್‌ಬಾರ್ದಾಗಿತ್ತು" ಎಂದರು.

ಉಳಿದ ಹಾಸು ಹಾಗೇ ಮಗ್ಗದ ಮೇಲಿತ್ತು. ನೇಯ್ದು ಕೊಚ್ಚಿಗೆ ಕಳಿಸೋಣವೇ ಎಂದು ಎಲಿಯಾಸರನ್ನು ಕೇಳಿದೆ. "ನಮಗಾಗೋಷ್ಟು ತರಿಸಿಟ್ಟಿದ್ದೇವೆ. ನಾವಿರೋದೇ ಇಷ್ಟು ಜನ ಅಲ್ವಾ" ಎಂದರು. ಅದನ್ನೂ ಅತ್ತೆಗೆ ಹೇಳಿದೆ. ಅವರು ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದರು. "ಅಂಗಾದ್ರೆ ನಂಗೇ ಇರ್ಲಿ. ನಂಗೂ ತವರಲ್ಲಿ ಯಾರಿದಾರೆ, ಕೋಡಿ ತರಕ್ಕೆ?" ಎಂದು ಇನ್ನೊಂದು ಸೌಟು ಸಾರು ಬಡಿಸಲು ತಟ್ಟೆ ಮುಂದೆ ಮಾಡಿದರು.

ಈಗಲೂ ಊಟವಾದ ಮೇಲೆ ಸ್ವಲ್ಪ ಹೊತ್ತು ಮಗ್ಗಕ್ಕೆ ಕೂರುತ್ತಾರೆ. ಅದೇ ಬಟ್ಟೆ, ಅದೇ ಹಟ, ಒಂದು ಗಂಟೂ ಇಲ್ಲ. ನಿಮಗೆ ಮಾತ್ರ ಹೇಳುತ್ತೇನೆ. ಎಸ್ತರಮ್ಮ ಇದ್ದಾಗ ಎಳೆ ಕಡಿದರೆ, ಬೇಗ ಮುಗಿಯಲಪ್ಪಾ ಎಂದು ಕಂಡಕಂಡ ದೇವರಿಗೆ ಹರಕೆ ಹೊರುತ್ತಿದ್ದೆ. ಈಗ ಲಾಳಿಯ ಸದ್ದು ನಿಂತು, ಗಂಜಿ ತಾ ಕಣ್ಣು ಎಂದು ಅತ್ತೆ ಕೂಗಿದರೆ, ಸದ್ಯ, ಇವತ್ತಿಗೂ ಮುಗಿಯಲಿಲ್ಲ ಎಂದು ಎದ್ದು ನಿಧಾನವಾಗಿ, ಆದಷ್ಟೂ ನಿಧಾನವಾಗಿ, ಗಂಜಿ ಕಾಯಿಸಲು ಹೋಗುತ್ತೇನೆ.